ತೋಟದ ಕೆರೆಯ ನೀರು ಬಣ್ಣ ಬದಲಿಸಿದಾಗ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಕೃಷಿ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳಗಿನಿಂದ ಸಾಲ, ಠೇವಣಿ, ಗೊಬ್ಬರ, ಅಡಿಕೆ ಧಾರಣೆ ಇವುಗಳ ಬಗ್ಗೆ ಬಲ್ಲವರು ಮಾತನಾಡಿದ್ದಾರೆ. ನಮಗೆ ವಹಿಸಿಕೊಟ್ಟಿರುವ ವಿಷಯ ನೋಡಲಿಕ್ಕೆ ಸಣ್ಣದು. ತೋಟದ ಕೆರೆಯ ನೀರಿನ ಬಣ್ಣ ಇದ್ದಕ್ಕಿದ್ದಂತೆ ಬದಲಾದರೆ, ಅದರೊಳಗೆ ಗುರುತು ಪರಿಚಯವಿಲ್ಲದ ಏನೋ ಒಂದು ಬೆಳೆದರೆ, ಅದು ಏನು, ಅದಕ್ಕೆ ಏನು ಮಾಡಬೇಕು ಎಂಬುದು. ಆದರೆ ಈ ಸಣ್ಣ ವಿಷಯದ ಹಿಂದೆ ನಮ್ಮ ದನಕರು, ಮಕ್ಕಳುಮರಿ, ತೋಟ ಎಲ್ಲವೂ ಇವೆ. ನಮ್ಮ ಕಡೆ ತೋಟದ ಕೆರೆ ಎಂದರೆ ಬರೀ ನೀರಾವರಿಯ ಗುಂಡಿಯಲ್ಲ. ಬೇಸಿಗೆಯಲ್ಲಿ ಅಡಿಕೆಗೆ ನೀರು ಅದರದ್ದು, ಕೊಟ್ಟಿಗೆಗೆ ನೀರು ಅದರದ್ದು, ಎಷ್ಟೋ ಮನೆಗಳಲ್ಲಿ ಬಟ್ಟೆ ಒಗೆಯುವುದೂ ಮಕ್ಕಳು ಈಜು ಕಲಿಯುವುದೂ ಅದರಲ್ಲೇ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲೂ ಕೃಷಿ ಹೊಂಡಗಳಾದವು. ಹಾಗಾಗಿ ಈ ಮಾತು ಅಲ್ಲಿಯ ನೆಂಟರಿಷ್ಟರಿಗೂ ಉಪಯೋಗಕ್ಕೆ ಬರಬಹುದು.

ನೀರು ಸ್ವಲ್ಪ ಕೆಂಪಗಾದರೆ, ಹಸಿರಾದರೆ, ಮೇಲೊಂದು ಪದರ ಕಟ್ಟಿದರೆ ಊರಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, 'ಯಾರೋ ವಿಷ ಹಾಕಿದ್ದಾರೆ ಮಾರಾಯ್ರೆ.' ಇನ್ನೊಂದು, 'ಒಂದಿಷ್ಟು ಮೈಲುತುತ್ತು ಹಾಕಿಬಿಡಿ, ಸರಿಹೋಗ್ತದೆ.' ಮೊದಲನೆಯ ಮಾತು ನೆರೆಹೊರೆಯ ಸಂಬಂಧ ಕೆಡಿಸುತ್ತದೆ. ಎರಡನೆಯದು ಕೆರೆಯನ್ನೇ ಕೆಡಿಸುತ್ತದೆ. ಮೊದಲು ಗುರುತು, ಆಮೇಲೆ ಮದ್ದು. ನಾವು ಈ ದಿನ ಹೇಳಬೇಕೆಂದಿರುವುದು ಇಷ್ಟೇ.

ಕೋಲು ಮತ್ತು ಬಾಟಲಿ

ಗುರುತು ಹಿಡಿಯಲಿಕ್ಕೆ ದೊಡ್ಡ ಉಪಕರಣವೇನೂ ಬೇಡ. ಒಂದು ಉದ್ದನೆಯ ಕೋಲು, ಮುಚ್ಚಳವಿರುವ ಒಂದು ಗಾಜಿನ ಬಾಟಲಿ ಸಾಕು. ಏನೆಂದು ತಿಳಿಯುವವರೆಗೆ ಬರಿಗೈ ಅದ್ದುವುದು ಬೇಡ. ನೀರು ತುಂಬುವಾಗ ರಬ್ಬರ್ ಕೈಗವಸು ಇದ್ದರೆ ಒಳ್ಳೆಯದು, ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.

ಮೊದಲು ಬಣ್ಣ ಎಲ್ಲಿದೆ ನೋಡಿ: ಇಡೀ ನೀರಿನಲ್ಲಿ ಬೆರೆತಿದೆಯೋ, ಮೇಲೆ ಕೆನೆಯ ಹಾಗೆ ಕಟ್ಟಿದೆಯೋ, ತಳದಲ್ಲಿ ಕಲ್ಲಿಗೆ ಅಂಟಿದೆಯೋ. ಆಮೇಲೆ ಕೋಲನ್ನು ಅದ್ದಿ ಎತ್ತಿ. ಎಳೆ ಎಳೆಯಾಗಿ, ಒದ್ದೆ ನೂಲಿನ ಹಾಗೆ ಜೋತುಬಿದ್ದರೆ ಅದು ನಾವೆಲ್ಲ ಬಲ್ಲ ಎಳೆಪಾಚಿ. ಎಳೆಯೇ ಇಲ್ಲದೆ, ಪೇಂಟಿನ ಡಬ್ಬಿಯಲ್ಲಿ ಅದ್ದಿದ ಹಾಗೆ ಕೋಲಿಗೆ ಬಣ್ಣ ಬಳಿದುಕೊಂಡು ಬಂದರೆ ಎಚ್ಚರ ಬೇಕು. ಅದರ ವಿಷಯ ಮುಂದೆ ಹೇಳುತ್ತೇವೆ.

ಬಾಟಲಿಯಲ್ಲಿ ಮುಕ್ಕಾಲು ಭಾಗ ಕೆರೆನೀರು ತುಂಬಿ, ಅಲ್ಲಾಡಿಸದೆ ನೆರಳಿನಲ್ಲಿ ಒಂದು ರಾತ್ರಿ ಇಡಿ. ಮಣ್ಣಿದ್ದರೆ ಬಹುಮಟ್ಟಿಗೆ ತಳಕ್ಕೆ ಇಳಿಯುತ್ತದೆ. ಸಾಧಾರಣ ಹಸಿರು ಪಾಚಿ ತಳಕ್ಕೆ ಕೂರುತ್ತದೆ ಅಥವಾ ನೀರಿನಲ್ಲೇ ಹರಡಿಕೊಂಡಿರುತ್ತದೆ. ಬೆಳಗ್ಗೆ ನೋಡುವಾಗ ಹಸಿರೆಲ್ಲ ಮೇಲೆ ಬಂದು ಬಾಟಲಿಯ ಕತ್ತಿನ ಬಳಿ ಉಂಗುರ ಕಟ್ಟಿದ್ದರೆ ಅದು ನೀಲಿಹಸಿರು ಪಾಚಿ ಇರಬಹುದು. ಆ ಜಾತಿಯ ಜೀವಕೋಶಗಳ ಒಳಗೆ ಗಾಳಿ ತುಂಬಿದ ಸೂಕ್ಷ್ಮ ಕೊಳವೆಗಳಿರುತ್ತವೆ, ಅದಕ್ಕೇ ಅವು ತೇಲುತ್ತವೆ. ಇವು ನೂರಕ್ಕೆ ನೂರು ಖಚಿತ ಪರೀಕ್ಷೆಗಳಲ್ಲ. ಆದರೆ ಹೆದರಬೇಕೋ ಬೇಡವೋ ಎನ್ನುವುದಕ್ಕೆ ದಾರಿ ತೋರಿಸುತ್ತವೆ.

ಹೆದರಬೇಡದ ಬಣ್ಣಗಳು

ಚಹಾದ ಡಿಕಾಕ್ಷನ್ ಬಣ್ಣದ ನೀರು. ಸುತ್ತ ಮರವಿದ್ದು, ಎಲೆ ಬಿದ್ದು ಕೊಳೆತರೆ ಅದರ ಒಗರು ನೀರಿಗೆ ಇಳಿಯುತ್ತದೆ. ಗಾಜಿನ ಲೋಟದಲ್ಲಿ ಹಿಡಿದರೆ ಬಣ್ಣವಿದ್ದರೂ ತಿಳಿಯಾಗಿ ಕಾಣುತ್ತದೆ. ಅಡಿಕೆ ಬೇಯಿಸಿದ ಚೊಗರು ಕೆರೆಗೆ ಹರಿದರೂ ನೀರು ಕೆಂಪಾಗುತ್ತದೆ. ಎಲೆಯ ಬಣ್ಣಕ್ಕೆ ಎಲೆ ಬಾಚಿ ತೆಗೆದರೆ ಆಯಿತು. ಚೊಗರನ್ನು ಮಾತ್ರ ಕೆರೆಗೆ ಬಿಡಬಾರದು. ಅದು ಕೊಳೆಯುವಾಗ ನೀರಿನ ಪ್ರಾಣವಾಯುವನ್ನು ಹೀರಿಬಿಡುತ್ತದೆ.

ತುಕ್ಕಿನ ಬಣ್ಣ ಮತ್ತು ಎಣ್ಣೆಯ ಹೊಳಪು. ಜಂಬಿಟ್ಟಿಗೆ ಕಲ್ಲಿನ ನೆಲದವರಿಗೆ ಇದು ಹಳೆಯ ಪರಿಚಯ. ಮಳೆಗಾಲ ಮುಗಿಯುತ್ತಿದ್ದಂತೆ ದರೆಯ ಒರತೆಯಿಂದ ನೀರು ಬಂದು ಸೇರುವ ಮೂಲೆಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕೂಡುತ್ತದೆ, ಮೇಲೆ ಡೀಸೆಲ್ ಚೆಲ್ಲಿದ ಹಾಗೆ ಕಾಮನಬಿಲ್ಲಿನ ಪದರ ಹೊಳೆಯುತ್ತದೆ. ನೆಲದೊಳಗೆ ಗಾಳಿಯಿಲ್ಲದ ಕಡೆ ಕಬ್ಬಿಣದ ಅಂಶ ನೀರಿನಲ್ಲಿ ಕರಗಿರುತ್ತದೆ. ಆ ನೀರು ಹೊರಗೆ ಬಂದು ಗಾಳಿ ತಾಗಿದ ಕೂಡಲೇ ಕಬ್ಬಿಣ ತುಕ್ಕಾಗುತ್ತದೆ. ಆ ಕೆಲಸದಿಂದಲೇ ಬದುಕುವ ಕಬ್ಬಿಣದ ಬ್ಯಾಕ್ಟೀರಿಯಾಗಳು ಲೋಳೆ ಕಟ್ಟುತ್ತವೆ. ಇದು ಎಣ್ಣೆಯೋ ಅಲ್ಲವೋ ತಿಳಿಯಬೇಕೆ? ಕೋಲಿನಿಂದ ಪದರವನ್ನು ಕೆದಕಿ. ಒಡೆದ ಗಾಜಿನ ಹಾಗೆ ಚೂರುಚೂರಾಗಿ ಬೇರ್ಪಟ್ಟರೆ ಬ್ಯಾಕ್ಟೀರಿಯಾದ ಪದರ. ಸುಳಿದು ಮತ್ತೆ ಒಂದಾಗಿ ಕೂಡಿಕೊಂಡರೆ ನಿಜವಾದ ಎಣ್ಣೆ. ಹಾಗಿದ್ದರೆ ಪಂಪ್‌ಸೆಟ್ಟಿನ ಕಡೆ ಹೋಗಿ ನೋಡಿ. ಕಬ್ಬಿಣದ ಲೋಳೆಯಿಂದ ದನಕ್ಕೆ, ಗಿಡಕ್ಕೆ ಗಾಬರಿಯೇನಿಲ್ಲ. ಆದರೆ ಬಿಳಿ ಬಟ್ಟೆಗೆ ಕಲೆ ಹಿಡಿಯುತ್ತದೆ, ಡ್ರಿಪ್ ಪೈಪಿನ ತೂತು ಕಟ್ಟುತ್ತದೆ. ಒರತೆಯ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಗಾಳಿಯಾಡುವಂತೆ ಹರಿಸಿ, ಸಣ್ಣ ಗುಂಡಿಯಲ್ಲಿ ತುಕ್ಕು ಕೂರಿಸಿ, ಆಮೇಲೆ ಕೆರೆಗೆ ಬಿಟ್ಟರೆ ತೊಂದರೆ ಬಹಳ ಕಡಿಮೆಯಾಗುತ್ತದೆ.

ಕೆಂಪು ಕಂಡರೆ

ಜನರಿಗೆ ಅತಿ ಭಯ ಹುಟ್ಟಿಸುವುದು ಕೆಂಪು. ಬೆಳಗ್ಗೆ ಹಸಿರು ಛಾಯೆಯಲ್ಲಿದ್ದ ಕೆನೆ ಬಿಸಿಲೇರಿದಂತೆ ಇಟ್ಟಿಗೆ ಕೆಂಪಾಗಿ, ಸಂಜೆಗೆ ಮತ್ತೆ ಹಸಿರಾಗುವುದುಂಟು. ಇದು ಮಾಟವೂ ಅಲ್ಲ, ವಿಷ ಹಾಕಿದ್ದೂ ಅಲ್ಲ. ಯೂಗ್ಲೀನಾ ಎಂಬ ಒಂದೇ ಜೀವಕೋಶದ ಜೀವಿಯ ಒಂದು ಜಾತಿ ಇದು. ಅದರ ಒಳಗೆ ಹಸಿರೂ ಇದೆ, ಕೆಂಪು ಕಣಗಳೂ ಇವೆ. ಬಿಸಿಲು ಜೋರಾದಾಗ ಕೆಂಪು ಕಣಗಳನ್ನು ಮೇಲ್ಮೈಗೆ ತಂದು ಕೊಡೆಯ ಹಾಗೆ ಹಿಡಿಯುತ್ತದೆ, ನೆರಳಾದಾಗ ಒಳಕ್ಕೆ ಎಳೆದುಕೊಳ್ಳುತ್ತದೆ. ಕೊಟ್ಟಿಗೆಯ ಗಂಜಲ, ಸಗಣಿ ನೀರು ಸೇರುವ ಕೆರೆಗಳಲ್ಲಿ ಇದು ಹುಲುಸಾಗಿ ಬೆಳೆಯುತ್ತದೆ. ಇದರ ಕೆಲವು ತಳಿಗಳು ಮೀನಿಗೆ ವಿಷಕಾರಿ. ಆದ್ದರಿಂದ ಕೆನೆ ದಪ್ಪವಾಗಿದ್ದು ಮೀನು ಸಾಯುತ್ತಿದ್ದರೆ ಮೀನುಗಾರಿಕೆ ಇಲಾಖೆಯವರಿಗೆ ತಿಳಿಸಬೇಕು.

ಕೆಂಪಿಗೆ ಇನ್ನೊಂದು ಕಾರಣ ಅಜೋಲ್ಲಾ. ದನಕ್ಕೆ ಮೇವಾಗಿ ಬೆಳೆಸುವ ಅದೇ ಅಜೋಲ್ಲಾ ಸುಡುಬಿಸಿಲಿಗೆ, ಚಳಿಗೆ, ರಂಜಕ ಕಡಿಮೆಯಾದಾಗ ಕೆಂಪಾಗುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಸಣ್ಣ ಸಣ್ಣ ಎಲೆ, ಕೆಳಗೆ ಬೇರು ಕಾಣುತ್ತದೆ.

ನೀರು ಕೆಂಪಾಗಿ ಗುಲ್ಲೆಬ್ಬಿದ ಸುದ್ದಿ ನಮ್ಮ ನೆರೆ ರಾಜ್ಯಗಳಲ್ಲೂ ಆಗಿದೆ. 2020ರ ಜೂನ್‌ನಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿತು. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ, ನೀರು ತಗ್ಗಿ ಉಪ್ಪು ಹೆಚ್ಚಾದಾಗ ಬೆಳೆಯುವ ಸೂಕ್ಷ್ಮಜೀವಿಗಳೇ ಕಾರಣ ಎಂದರು. ನೀರನ್ನು ಇಟ್ಟು ನೋಡಿದಾಗ ಜೀವಿಗಳು ತಳಕ್ಕೆ ಕೂತು ನೀರು ತಿಳಿಯಾಯಿತು. ನಾವು ಹೇಳಿದ ಬಾಟಲಿಯ ಪರೀಕ್ಷೆಯ ತತ್ವವೂ ಇದೇ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಂದಾಗ ನಾನಾ ಕಥೆ ಹುಟ್ಟಿತು. ಪರೀಕ್ಷೆ ಮಾಡಿದವರು ಕಂಡದ್ದು ಟ್ರೆಂಟಿಪೋಲಿಯಾ ಎಂಬ ಪಾಚಿಯ ಬೀಜಾಣುಗಳನ್ನು. ಮಳೆಗಾಲದಲ್ಲಿ ತೆಂಗಿನ ಕಾಂಡಕ್ಕೆ, ಜಂಬಿಟ್ಟಿಗೆ ಗೋಡೆಗೆ ಕಿತ್ತಳೆ ಬಣ್ಣದ ಮಖಮಲ್ಲು ಬಳಿದ ಹಾಗೆ ಬೆಳೆಯುವುದು ಅದೇ ಬಳಗದ್ದು.

ಎಚ್ಚರಿಕೆ ಬೇಕಾದ ಹಸಿರು

ನೀರು ತೆಳ್ಳಗೆ ಹಸಿರಾಗಿದ್ದರೆ ಚಿಂತೆಯಿಲ್ಲ, ಮೀನಿಗೆ ಅದೇ ಊಟ. ಮೀನು ಸಾಕುವವರು ಮೊಣಕೈವರೆಗೆ ಕೈ ಇಳಿಸಿ ನೋಡುತ್ತಾರೆ. ಅಂಗೈ ಮಸುಕಾಗಿ ಕಂಡರೆ ಹದ, ಮೊಣಕೈ ಮುಳುಗುವ ಮೊದಲೇ ಕಾಣದಾದರೆ ಗೊಬ್ಬರ ಹೆಚ್ಚಾಯಿತು ಎಂದು ಲೆಕ್ಕ. ತಿಳಿ ಹಸಿರಿನ ನೀರಿಗೆ ಮಾತ್ರ ಈ ಪರೀಕ್ಷೆ. ಕೆನೆ ಕಟ್ಟಿದ ನೀರಿಗೆ ಕೈ ಇಳಿಸಬಾರದು.

ಭಯಪಡಬೇಕಾದ್ದು ಬೇರೆ. ಬೇಸಿಗೆಯ ಕೊನೆಗೆ, ಗಾಳಿಯಿಲ್ಲದ ದಿನಗಳಲ್ಲಿ, ಕೆರೆಯ ಒಂದು ದಡಕ್ಕೆ ಹಸಿರು ಪೇಂಟು ಚೆಲ್ಲಿದ ಹಾಗೆ ದಪ್ಪ ಕೆನೆ ಸೇರುತ್ತದೆ. ಒಣಗಿದ ಕಡೆ ನೀಲಿ ಛಾಯೆ, ಹತ್ತಿರ ಹೋದರೆ ಕೊಳೆತ ವಾಸನೆ. ಇದೇ ನೀಲಿಹಸಿರು ಪಾಚಿ. ಮೈಕ್ರೋಸಿಸ್ಟಿಸ್ ಎಂಬುದು ಇದರಲ್ಲಿ ಮುಖ್ಯವಾದದ್ದು. ಹೆಸರು ಪಾಚಿ ಎಂದಿದ್ದರೂ ವಾಸ್ತವವಾಗಿ ಇದು ಬ್ಯಾಕ್ಟೀರಿಯಾ ಜಾತಿ. ಇದರ ಎಲ್ಲ ಬೆಳವಣಿಗೆಯೂ ವಿಷವಲ್ಲ, ಆದರೆ ಯಾವುದು ವಿಷ, ಯಾವುದು ಅಲ್ಲ ಎಂದು ಕಣ್ಣಿನಿಂದ ಹೇಳಲಾಗುವುದಿಲ್ಲ. ಕೆಲವು ಯಕೃತ್ತಿಗೆ, ಕೆಲವು ನರಕ್ಕೆ ಪೆಟ್ಟು ಕೊಡುತ್ತವೆ. ದಡದ ಕೆನೆ ಕುಡಿದ ದನ ಮಂಕಾಗುವುದು, ತೂರಾಡುವುದು, ನಡುಗಿ ಬೀಳುವುದು ಉಂಟು. ಬದುಕಿದ ದನದ ಬಿಳಿ ಚರ್ಮ ಬಿಸಿಲಿಗೆ ಸುಲಿಯುವುದೂ ಉಂಟು. ಮೈಗೆ ಹತ್ತಿದ ಕೆನೆಯನ್ನು ನೆಕ್ಕುವ ನಾಯಿಗಳಿಗಂತೂ ಬಹಳ ಅಪಾಯ.

ಇದು ಹೊಸ ಸಂಗತಿಯಲ್ಲ. ಆಸ್ಟ್ರೇಲಿಯಾದ ಅಲೆಗ್ಸಾಂಡ್ರಿನಾ ಸರೋವರದ ಕೆನೆ ಕುಡಿದು ಕುರಿ, ದನ, ಕುದುರೆಗಳು ಸತ್ತ ಬಗ್ಗೆ ಜಾರ್ಜ್ ಫ್ರಾನ್ಸಿಸ್ ಎಂಬುವರು 1878ರಲ್ಲೇ ಬರೆದರು. 2020ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ 330ರಷ್ಟು ಆನೆಗಳು ಸತ್ತಾಗ, ನೀರಿನ ಹೊಂಡಗಳಲ್ಲಿ ಬೆಳೆದ ಇದೇ ಬಳಗದ ಜೀವಿಗಳ ವಿಷವೇ ಕಾರಣ ಎಂದು ಅಲ್ಲಿಯ ಸರ್ಕಾರ ಹೇಳಿತು.

ಇಂಥ ಕೆನೆ ಕಂಡರೆ ಮಾಡಬೇಕಾದ್ದು ಇಷ್ಟು: ದನಕ್ಕೆ ಬೇರೆ ನೀರು ಕೊಡಿ, ಆ ದಡಕ್ಕೆ ಬೇಲಿ ಕಟ್ಟಿ. ಮಕ್ಕಳನ್ನು ಈಜಲು ಬಿಡಬೇಡಿ. ಆ ನೀರನ್ನು ಸೊಪ್ಪು ತರಕಾರಿಯ ಮೇಲೆ ಸಿಂಪಡಿಸಬೇಡಿ. ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬೇಡ, ಈ ವಿಷ ಕುದಿಸಿದರೆ ಹೋಗುವುದಿಲ್ಲ. ದನಕ್ಕೆ ಹುಷಾರಿಲ್ಲದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ, ಕೆರೆಯ ನೀರಿನ ವಿಷಯವನ್ನೂ ಅವರಿಗೆ ಹೇಳಿ.

ಮೈಲುತುತ್ತಿನ ಮಾತು

ಇನ್ನು ಮುಖ್ಯವಾದ ಮಾತಿಗೆ ಬರುತ್ತೇವೆ. ಅಡಿಕೆ ಬೆಳೆಗಾರರಿಗೆ ಮೈಲುತುತ್ತಿನ ಮೇಲೆ ಇರುವ ವಿಶ್ವಾಸ ಸುಮ್ಮನೆ ಬಂದದ್ದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್‌ರವರು 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದ ಕಾಲದಿಂದ ಬೋರ್ಡೋ ದ್ರಾವಣ ನಮ್ಮ ತೋಟಗಳನ್ನು ಕಾಪಾಡಿಕೊಂಡು ಬಂದಿದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಈ ಲೆಕ್ಕ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ. ಆದರೆ ಗೊನೆಗೆ ಹೊಡೆಯುವ ಮದ್ದು ಬೇರೆ, ಕೆರೆಗೆ ಸುರಿಯುವುದು ಬೇರೆ. ಗೊನೆಗೆ ಹೊಡೆಯುವಾಗ ಸುಣ್ಣ ಸೇರಿ ತಾಮ್ರದ ತೀಕ್ಷ್ಣತೆ ಹದವಾಗಿರುತ್ತದೆ. ಬರಿಯ ಮೈಲುತುತ್ತನ್ನು ಕೆರೆಗೆ ಹಾಕಿದರೆ ಮೀನಿಗೆ ನೇರ ವಿಷ. ಅದರಲ್ಲೂ ಸುಣ್ಣದ ಅಂಶ ಕಡಿಮೆಯಿರುವ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಪಾಚಿ ಒಂದೇ ಸಲ ಸತ್ತು ಕೊಳೆಯುವಾಗ ನೀರಿನ ಪ್ರಾಣವಾಯು ಮುಗಿದು ಉಳಿದ ಮೀನೂ ಸಾಯುತ್ತದೆ. ತಾಮ್ರ ಹೂಳಿನಲ್ಲಿ ಹಾಗೇ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನೀಲಿಹಸಿರು ಪಾಚಿಯ ವಿಷ ಹೆಚ್ಚಾಗಿ ಅದರ ಜೀವಕೋಶದ ಒಳಗೇ ಇರುತ್ತದೆ. ಮೈಲುತುತ್ತು ಹಾಕಿದೊಡನೆ ಕೋಶ ಒಡೆದು ಒಳಗಿನ ವಿಷವೆಲ್ಲ ಒಂದೇ ಸಲ ನೀರಿಗೆ ಬರುತ್ತದೆ. ನೀರು ಕಣ್ಣಿಗೆ ತಿಳಿಯಾಗುತ್ತದೆ, ವಿಷ ಹೆಚ್ಚುತ್ತದೆ. ಆಸ್ಟ್ರೇಲಿಯಾದ ಪಾಮ್ ಐಲೆಂಡ್ ಎಂಬ ದ್ವೀಪದಲ್ಲಿ 1979ರಲ್ಲಿ ಹೀಗೇ ಆಯಿತು. ಕುಡಿಯುವ ನೀರಿನ ಜಲಾಶಯದಲ್ಲಿ ಪಾಚಿ ಬೆಳೆದು, ರುಚಿ ವಾಸನೆ ಕೆಟ್ಟಿತು ಎಂದು ಜನ ದೂರಿದರು. ಪಾಚಿ ಕೊಲ್ಲಲು ಮೈಲುತುತ್ತು ಹಾಕಲಾಯಿತು. ಕೆಲವೇ ದಿನಗಳಲ್ಲಿ 148 ಜನ ಕಾಯಿಲೆ ಬಿದ್ದರು. ಅವರಲ್ಲಿ 138 ಮಂದಿ ಮಕ್ಕಳು. ವಾಂತಿ, ಯಕೃತ್ತಿನ ಊತ, ರಕ್ತಭೇದಿ. ಆ ಜಲಾಶಯದ ನೀರು ಕುಡಿಯದ ಮನೆಗಳವರಿಗೆ ಏನೂ ಆಗಲಿಲ್ಲ. ಹಾಕಿದವರ ಉದ್ದೇಶ ಒಳ್ಳೆಯದೇ ಇತ್ತು. ಯಾವ ಪಾಚಿ ಎಂದು ಗುರುತು ಹಿಡಿಯುವ ಮೊದಲೇ ಮದ್ದು ಬಿತ್ತು, ಅಷ್ಟೇ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ: ಗೊತ್ತಿಲ್ಲದ ಬಣ್ಣ ಕಂಡ ಕೆರೆಗೆ ಮೈಲುತುತ್ತಾಗಲಿ, ಕಳೆನಾಶಕವಾಗಲಿ, ಬ್ಲೀಚಿಂಗ್ ಪುಡಿಯಾಗಲಿ ಹಾಕಬೇಡಿ. ಔಷಧಿ ಹೊಡೆದ ಪಂಪು, ಡ್ರಮ್ಮುಗಳನ್ನು ಕೆರೆಯಲ್ಲಿ ತೊಳೆಯಬೇಡಿ.

ಬೆಳವಣಿಗೆಗಳ ಪರಿಚಯ

ಕೆರೆಯೊಳಗೆ ಕಾಣುವ ಕೆಲವು ವಿಚಿತ್ರ ವಸ್ತುಗಳನ್ನೂ ಪರಿಚಯ ಮಾಡಿಕೊಳ್ಳೋಣ.

ಮುಳುಗಿದ ಕೋಲಿಗೆ, ಮೆಟ್ಟಿಲ ಕಲ್ಲಿಗೆ ಬೂದು ಅಥವಾ ಹಸಿರು ಬಣ್ಣದ, ತೂತುತೂತಾದ ಉಂಡೆ ಬೆಳೆದಿರುತ್ತದೆ. ಮುಟ್ಟಿದರೆ ಒರಟು, ಕೈ ತುರಿಸುತ್ತದೆ. ಇದು ಗಿಡವಲ್ಲ, ಅಣಬೆಯೂ ಅಲ್ಲ, ಸಿಹಿನೀರಿನ ಸ್ಪಂಜು ಎಂಬ ಪ್ರಾಣಿ. ಮೈಯಲ್ಲಿ ಗಾಜಿನಂಥ ಸೂಕ್ಷ್ಮ ಮುಳ್ಳುಗಳಿರುವುದರಿಂದಲೇ ತುರಿಕೆ. ಮುಂಬಯಿಯ ಕೆರೆಗಳಲ್ಲಿ ಇದನ್ನು ಅಭ್ಯಾಸ ಮಾಡಿ ಹೆನ್ರಿ ಕಾರ್ಟರ್ ಎಂಬ ವೈದ್ಯರು 1849ರಷ್ಟು ಹಿಂದೆಯೇ ಬರೆದಿದ್ದಾರೆ. ನಮ್ಮ ದೇಶದ ಒಂದು ಸಾಮಾನ್ಯ ಜಾತಿಗೆ ಅವರದೇ ಹೆಸರಿದೆ. ಇದು ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಕಣ ತಿಂದು ಬದುಕುತ್ತದೆ. ಅಂದರೆ ಕೂಲಿಯಿಲ್ಲದೆ ಕೆರೆ ತೊಳೆಯುವ ಆಳು! ಕಿತ್ತೆಸೆಯಬೇಕಾಗಿಲ್ಲ.

ಗಂಜಿಯ ಗಡ್ಡೆಯ ಹಾಗೆ ಪಾರದರ್ಶಕ ಲೋಳೆ ಕೋಲಿಗೆ, ತಾವರೆ ದಂಟಿಗೆ ಅಂಟಿದ್ದರೆ ಅದು ಬ್ರಯೋಜೋವಾ ಎಂಬ ಸಣ್ಣ ಪ್ರಾಣಿಗಳ ಒಕ್ಕೂಟ ಇರಬಹುದು. ಒಂದೊಂದು ಪ್ರಾಣಿಯೂ ಸೂಜಿಮೊನೆಯಷ್ಟೇ. ಆದರೆ ಒಂದಕ್ಕೊಂದು ಅಂಟಿಕೊಂಡು ಒಟ್ಟಾಗಿ ಬದುಕುತ್ತವೆ. ಸಹಕಾರ ಸಂಘ ಕಟ್ಟಿಕೊಳ್ಳುವುದು ಮನುಷ್ಯರಿಗೆ ಮಾತ್ರ ಗೊತ್ತು ಎಂದು ಯಾರೂ ಜಂಬ ಪಡಬೇಕಾಗಿಲ್ಲ! ಇದೂ ನಿರುಪದ್ರವಿ. ಪೈಪಿನ ಬಾಯಿ ಕಟ್ಟಿದರೆ ಮಾತ್ರ ಕೆರೆದು ತೆಗೆದರಾಯಿತು.

ಮಳೆ ಹಿಡಿದ ಮೇಲೆ ಕೆರೆಗೆ ಬಾಗಿದ ಕೊಂಬೆಯಲ್ಲಿ ಸೋಪಿನ ನೊರೆಯ ಉಂಡೆ ತೂಗುತ್ತಿದ್ದರೆ ಅದು ಮರಗಪ್ಪೆಯ ಗೂಡು. ಪಶ್ಚಿಮ ಘಟ್ಟದ ಹಾರುವ ಕಪ್ಪೆ ಹೀಗೆ ನೊರೆ ಕಟ್ಟಿ ಮೊಟ್ಟೆಯಿಡುತ್ತದೆ, ಮರಿಗಳು ಅಲ್ಲಿಂದ ನೀರಿಗೆ ಉದುರುತ್ತವೆ. ನೀರಿನೊಳಗೆ ಕರಿಮಣಿ ಸರದಂಥ ಉದ್ದ ಲೋಳೆದಾರ ಕಂಡರೆ ನೆಲಗಪ್ಪೆಯ ಮೊಟ್ಟೆ. ಇವೆಲ್ಲ ಕೆರೆ ಜೀವಂತವಾಗಿದೆ ಎನ್ನುವುದಕ್ಕೆ ಸಾಕ್ಷಿ.

ಕೆರೆಯನ್ನು ನಿಜವಾಗಿ ಮುಚ್ಚುವುದು ತೇಲುಕಳೆಗಳು: ನೀಲಿ ಹೂವಿನ ಜಲಕಳೆ, ಅಂತರಗಂಗೆ, ಸಾಲ್ವೀನಿಯಾ. ಇಲ್ಲೂ ಗುರುತು ಮುಖ್ಯ. ಸಾಲ್ವೀನಿಯಾ ತಿನ್ನುವ ಒಂದು ಪುಟ್ಟ ಮೂತಿಹುಳವನ್ನು ಆಸ್ಟ್ರೇಲಿಯಾದಿಂದ ತರಿಸಿ, 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಡಲಾಯಿತು. ಹನ್ನೊಂದು ತಿಂಗಳಲ್ಲಿ ಕಳೆ ಹತೋಟಿಗೆ ಬಂತು, ನೈದಿಲೆ ಮತ್ತೆ ಚಿಗುರಿತು. ಆಮೇಲೆ ಕೇರಳದಲ್ಲೂ ಆ ಹುಳ ದೊಡ್ಡ ಕೆಲಸ ಮಾಡಿತು. ಆ ಹುಳ ಸಾಲ್ವೀನಿಯಾ ಒಂದನ್ನೇ ಹುಡುಕಿ ತಿನ್ನುವಂಥದ್ದು. ಕಳೆಯ ಜಾತಿ ಸರಿಯಾಗಿ ಗೊತ್ತಿದ್ದುದರಿಂದಲೇ ಅದು ಸಾಧ್ಯವಾಯಿತು. ನಮ್ಮ ಸಣ್ಣ ಕೆರೆಗಳಿಗೆ ಮಾತ್ರ ಕೈಯಿಂದ ಎಳೆದು ಗೊಬ್ಬರದ ಗುಂಡಿಗೆ ಹಾಕುವುದೇ ಸುಲಭ ದಾರಿ.

ಮೂಲ ಎಲ್ಲಿದೆ?

ಕೊನೆಯದಾಗಿ ಒಂದು ಮಾತು. ಯಾವ ಬಣ್ಣದ ಪಾಚಿಯೇ ಆಗಲಿ, ಅತಿಯಾಗಿ ಬೆಳೆಯಬೇಕಾದರೆ ಅದಕ್ಕೆ ಊಟ ಬೇಕು. ಆ ಊಟ ಸಾರಜನಕ ಮತ್ತು ರಂಜಕ. ಅದು ಬರುವುದು ಕೊಟ್ಟಿಗೆಯ ಬಚ್ಚಲಿನಿಂದ, ತೆರೆದ ಗೊಬ್ಬರದ ಗುಂಡಿಯಿಂದ, ಮಳೆಯ ಮುಂಚೆ ಚೆಲ್ಲಿದ ರಾಸಾಯನಿಕ ಗೊಬ್ಬರದಿಂದ. ನಮ್ಮ ಸಂಘದ ಗೋದಾಮಿನಿಂದ ಹಣ ಕೊಟ್ಟು ಒಯ್ದ ಗೊಬ್ಬರ ಅಡಿಕೆ ಬುಡ ಬಿಟ್ಟು ಕೆರೆಯ ಪಾಚಿಗೆ ಊಟವಾದರೆ ನಷ್ಟ ಎರಡು ಕಡೆಯಿಂದಲೂ ನಮ್ಮದೇ. ಕೊಟ್ಟಿಗೆ ನೀರನ್ನು ಬೇರೆ ಕಾಲುವೆಯಲ್ಲಿ ತೋಟಕ್ಕೆ ಹರಿಸಿ. ಗೊಬ್ಬರದ ಗುಂಡಿಗೆ ಸೋಗೆಯ ಮಾಡು ಕಟ್ಟಿ. ಜೋರು ಮಳೆಯ ಮುನ್ಸೂಚನೆ ಇದ್ದರೆ ಗೊಬ್ಬರ ಹಾಕುವುದನ್ನು ಎರಡು ದಿನ ಮುಂದೂಡಿ. ಕೆರೆಯ ಸುತ್ತ ನಾಲ್ಕಾರು ಅಡಿ ಹುಲ್ಲು ಬೆಳೆಯಲು ಬಿಡಿ. ಬೇಸಿಗೆಯಲ್ಲಿ ಹೂಳು ತೆಗೆದು ತೋಟಕ್ಕೇ ಹಾಕಿ. ಈ ಮೊದಲು ಮೈಲುತುತ್ತು ಸುರಿದ ಕೆರೆಯ ಹೂಳನ್ನು ಮಾತ್ರ ಪರೀಕ್ಷೆ ಮಾಡಿಸದೆ ಹಾಕಬೇಡಿ. ಮೋಡ ಕವಿದ ದಿನಗಳ ನಂತರ ಬೆಳಗಿನ ಜಾವ ಮೀನು ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದರೆ ಪ್ರಾಣವಾಯು ಕಡಿಮೆಯಾಗಿದೆ ಎಂದರ್ಥ. ಪಂಪು ಹಾಕಿ ಅದೇ ನೀರನ್ನು ಎತ್ತರದಿಂದ ಕೆರೆಗೇ ಬೀಳಿಸಿದರೆ ಉಸಿರು ಬರುತ್ತದೆ.

ಸಂಘದ ವತಿಯಿಂದ ಮಾಡಬಹುದಾದ ಒಂದು ಸಣ್ಣ ಕೆಲಸವನ್ನೂ ಸೂಚಿಸುತ್ತೇವೆ. ನಮ್ಮ ಕಚೇರಿಯಲ್ಲಿ ಒಂದು ಪುಸ್ತಕ ಇಡೋಣ. ಯಾರ ಕೆರೆಯಲ್ಲಿ, ಯಾವ ತಿಂಗಳು, ಯಾವ ಬಣ್ಣ, ಕೋಲಿನ ಪರೀಕ್ಷೆಯಲ್ಲಿ ಏನು ಕಂಡಿತು, ದನಕರು ಹೇಗಿದ್ದವು, ಇಷ್ಟು ಬರೆದಿಟ್ಟರೆ ಸಾಕು. ಅನುಮಾನ ಬಂದಾಗ ಬಾಟಲಿಯ ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೋ ಮೀನುಗಾರಿಕೆ ಇಲಾಖೆಗೋ ಒಯ್ಯುವ ಜವಾಬ್ದಾರಿಯನ್ನು ಒಬ್ಬ ಯುವ ಸದಸ್ಯರಿಗೆ ವಹಿಸೋಣ. ಒಬ್ಬರ ಕೆರೆಯ ಕೆಳಗೆ ಇನ್ನೊಬ್ಬರ ಕೆರೆ ಇರುವ ಊರು ನಮ್ಮದು. ಮೇಲಿನ ಕೆರೆಗೆ ಬಿದ್ದದ್ದು ಕೆಳಗಿನ ಕೆರೆಗೂ ಬರುತ್ತದೆ. ಸಾಲದ ಜಾಮೀನಿಗೆ ಒಬ್ಬರಿಗೊಬ್ಬರು ನಿಂತವರು ನೀರಿಗೂ ಒಬ್ಬರಿಗೊಬ್ಬರು ಜಾಮೀನು ನಿಲ್ಲಬೇಕು.

 ಸಂಘಕ್ಕೆ ಸುವರ್ಣ ಮಹೋತ್ಸವದ ಭಾಗ್ಯವೂ ಬರಲಿ, ಆ ದಿನವೂ ನಮ್ಮ ಕೆರೆಗಳಲ್ಲಿ ದನ ನಿರ್ಭಯವಾಗಿ ನೀರು ಕುಡಿಯುವಂತಿರಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.